ಅಜ್ಜಿ ವಾಪಸ್ ತಂದ ಒಂದು ಗಂಟೆ

ನಮ್ಮ ಮನೆಯ ಹೆಂಗಸರಿಗೆ ಅಜ್ಜಿ ಹಾಕಿಕೊಟ್ಟ ಒಂದು ಕಟ್ಟಳೆ ಇತ್ತು. ಹೆರಿಗೆ ನೋವು ಕಾಣಿಸಿಕೊಂಡರೆ ಯಾರಿಗೂ ಹೇಳಬಾರದು. ಹೇಳಲೇಬೇಕಾದರೆ ಮನೆಯೊಳಗಿನ ಒಬ್ಬರಿಗೆ, ಅದೂ ಕಿವಿಯಲ್ಲಿ. "ನೋವು ಎಷ್ಟು ಬಾಯಿಗೆ ಬೀಳ್ತದೋ ಅಷ್ಟು ಗಂಟೆ ಎಳೀತದೆ" ಎನ್ನುವುದು ಅಜ್ಜಿಯ ಲೆಕ್ಕ. ಅಜ್ಜಿ ಎಂದರೆ ಅಪ್ಪನ ಅಮ್ಮ. ಅಪ್ಪ ತೀರಿಹೋದ ಮೇಲೆ ಬೂದಿಕೋಟೆ ಹತ್ತಿರದ ನಮ್ಮ ಹಳ್ಳಿಯ ಮನೆಯಲ್ಲಿ ಇರುವವರು ಅಮ್ಮ, ಅಜ್ಜಿ ಮತ್ತು ಮೂರು ಸೀಮೆಹಸು. ಮಾತಿಗೆ ಬಂದರೆ ಐದೂ ಜನ ಮಾತಾಡುವವರೇ.

ಈ ಕಟ್ಟಳೆಗೆ ಅಜ್ಜಿಯ ಹತ್ತಿರ ಸಾಕ್ಷಿಗಳಿದ್ದವು. ಅಪ್ಪ ಹುಟ್ಟುವಾಗ ಅವಳು ಮುದ್ದೆಗೆ ಎಸರಿಟ್ಟು, ಯಾರಿಗೂ ಹೇಳದೆ ಹಿಂದಿನ ಕೋಣೆಗೆ ಹೋದಳಂತೆ. ಎಸರು ಕುದ್ದು ಆರುವಷ್ಟರಲ್ಲಿ ಅಪ್ಪ ಬಂದಾಗಿತ್ತಂತೆ. ಅದೇ ವಾರ ಎದುರು ಮನೆಯ ಸೊಸೆಗೆ ನೋವು ಬಂದಾಗ ಅವಳ ಅತ್ತೆ ಬೀದಿಗೆಲ್ಲ ಕೇಳುವ ಹಾಗೆ ಕೂಗಿಕೊಂಡಳಂತೆ, ಪಾಪದ ಹುಡುಗಿ ಎರಡು ದಿನ ಒದ್ದಾಡಿತಂತೆ. ಇನ್ನು ಅಮ್ಮ. ನಾನು ಹುಟ್ಟುವ ದಿನ ಮನೆಯಲ್ಲಿ ನೆಂಟರಿದ್ದರು. ಅಮ್ಮ ಎಲೆಗೆ ಸಾರು ಬಡಿಸುತ್ತಲೇ, "ಅತ್ತೆ, ಇತ್ಲು ಬಾಗ್ಲು ಹಾಕ್ಬುಡಿ" ಎಂದಳಂತೆ. ಅದೇ ಅವರಿಬ್ಬರ ಗುಟ್ಟಿನ ಮಾತು. ನೆಂಟರು ಮಜ್ಜಿಗೆ ಅನ್ನ ಉಣ್ಣುವಾಗ ನಾನು ಅತ್ತೆನಂತೆ. ಇದರಲ್ಲಿ ಎಷ್ಟು ನಿಜವೋ ದೇವರೇ ಬಲ್ಲ. ಆದರೆ ನಮ್ಮ ಮನೆಯ ಹೆಂಗಸರು ಬೇಗ ಹೆರುತ್ತಾರೆ ಎನ್ನುವುದು ಊರಿಗೆಲ್ಲ ಗೊತ್ತಿದ್ದ ಸಂಗತಿ.

ನಾನು ಮದುವೆಯಾಗಿ ಹೋದದ್ದು ಊರಿಗಾಂಗೆ, ಚಿನ್ನದ ಗಣಿಯ ಕೂಲಿಗಳಿಗೆಂದು ಕಟ್ಟಿದ್ದ ಹಳೇ ಲೈನ್ ಮನೆಗಳ ಸಾಲಿಗೆ. ನಮ್ಮವರು ದಿನಾ ಬೆಳಿಗ್ಗೆ ರೈಲು ಹತ್ತಿ ಮಾಲೂರಿನ ಕಾರ್ಖಾನೆಗೆ ಹೋಗಿ ಬರುವವರು. ಬಸುರಿಯಾದಾಗಿನಿಂದ ರಾಬರ್ಟ್‌ಸನ್‌ಪೇಟೆಯ ಒಂದು ನರ್ಸಿಂಗ್ ಹೋಮಿನಲ್ಲಿ ತೋರಿಸುತ್ತಿದ್ದೆ. ಅಲ್ಲಿನ ಡಾಕ್ಟರಮ್ಮ ತನ್ನ ಬಳಿ ಬರುವ ಎಲ್ಲ ಬಸುರಿಯರಿಗೂ ಒಂಬತ್ತನೇ ತಿಂಗಳಲ್ಲಿ ಒಂದು ಪರೀಕ್ಷೆ ಮಾಡಿಸುತ್ತಿದ್ದರು. ಹತ್ತಿ ಸುತ್ತಿದ ಕಡ್ಡಿಯನ್ನು ಕೆಳಗೆ ಒಮ್ಮೆ ಸವರಿ, ಕೊಳವೆಯಲ್ಲಿಟ್ಟು ಲ್ಯಾಬಿಗೆ ಕಳಿಸುತ್ತಾರೆ. ಅಷ್ಟೆ. ನೋವಿಲ್ಲ, ನಾಚಿಕೆ ಮಾತ್ರ. ಬಳೆ ತೊಡಿಸಿಕೊಂಡು ತವರಿಗೆ ಬಂದ ವಾರವೇ ಅದಕ್ಕೆ ಕೊಟ್ಟು ಬಂದೆ. ಮೂರು ದಿನ ಬಿಟ್ಟು ಅಮ್ಮನನ್ನು ಕರೆದುಕೊಂಡು ಹೋದರೆ, ಡಾಕ್ಟರಮ್ಮ ಕಾಗದ ನೋಡಿ, "ಸ್ಟ್ರೆಪ್ ಪಾಸಿಟಿವ್ ಬಂದಿದೆ. ಹೆದರಬೇಡ, ಆದರೆ ನಾನು ಹೇಳೋದನ್ನ ಸರಿಯಾಗಿ ಕೇಳಿಸ್ಕೋ" ಎಂದರು.

ಹೆದರಬೇಡ ಎಂದ ಮೇಲೆ ಹೆದರದೇ ಇರುವವರು ಯಾರು? ಅಮ್ಮ ಸೆರಗಿನ ತುದಿ ಹಿಡಿದು ನಿಂತುಬಿಟ್ಟಳು.

"ಇದು ಕೊಳಕಿನಿಂದ ಬಂದಿದ್ದಲ್ಲ. ಗಂಡನಿಂದ ಬಂದಿದ್ದೂ ಅಲ್ಲ" ಎಂದು ಡಾಕ್ಟರಮ್ಮ ನಾನು ಕೇಳಲಾರದೆ ನುಂಗಿಕೊಂಡಿದ್ದ ಎರಡು ಪ್ರಶ್ನೆಗೂ ಮೊದಲೇ ಉತ್ತರ ಕೊಟ್ಟರು. "ಎಷ್ಟೋ ಹೆಂಗಸರ ಕರುಳಲ್ಲಿ ಈ ಹುಳ ಸುಮ್ಮನೆ ಇರುತ್ತೆ, ಹೋಗುತ್ತೆ, ಬರುತ್ತೆ. ನಿನಗೇನೂ ಮಾಡಲ್ಲ. ಆದರೆ ಮಗು ಹೊರಗೆ ಬರೋ ದಾರಿಯಲ್ಲಿ ಅದಕ್ಕೆ ತಗುಲಬಹುದು. ಹೆಚ್ಚಿನ ಮಕ್ಕಳಿಗೆ ಏನೂ ಆಗಲ್ಲ. ಅಪರೂಪಕ್ಕೆ ಒಂದು ಮಗುವಿಗೆ ರಕ್ತಕ್ಕೆ ಇಳಿಯುತ್ತೆ, ಉಸಿರಾಟಕ್ಕೆ ತೊಂದರೆ ಆಗುತ್ತೆ. ಅದು ಆಗದೇ ಇರೋ ಹಾಗೆ ನೋಡ್ಕೋಬೇಕು."

"ಅಂಗಾದ್ರೆ ಈವಾಗ್ಲೇ ಮಾತ್ರೆ ಕೊಟ್ಬುಡಿ ಮೇಡಂ, ನುಂಗ್ತಾಳೆ" ಎಂದಳು ಅಮ್ಮ.

"ಈಗ ಕೊಟ್ಟರೆ ಪ್ರಯೋಜನ ಇಲ್ಲಮ್ಮ. ಈಗ ಹೋಗಿ ಹೆರಿಗೆ ಹೊತ್ತಿಗೆ ಮತ್ತೆ ಬಂದು ಕೂತಿರುತ್ತೆ. ನೋವು ಶುರುವಾದಾಗ, ಇಲ್ಲಾ ನೀರು ಹೋದಾಗ, ಕೈಗೆ ಡ್ರಿಪ್ ಹಾಕಿ ಕೊಡಬೇಕು. ಮಗು ಹುಟ್ಟೋಕೆ ನಾಲ್ಕು ಗಂಟೆ ಮುಂಚೆ ಮೊದಲನೇ ಡೋಸು ಮೈಯೊಳಗೆ ಹೋಗಿರಬೇಕು. ನಾಲ್ಕು ಗಂಟೆ. ನೆನಪಿರಲಿ. ನೋವು ಜೋರಾಗಲಿ ಆಮೇಲೆ ಹೋಗೋಣ ಅಂತ ಮನೇಲಿ ಕೂರಬೇಡಿ."

ಪೆನಿಸಿಲಿನ್ ಹಾಕಿದಾಗ ಮೈಗೆ ಆಗದೇ ಇದ್ದದ್ದು ಉಂಟೇ ಎಂದು ಕೇಳಿ, ಇಲ್ಲ ಎಂದ ಮೇಲೆ ಫೈಲಿನ ಮೇಲೆ ಕೆಂಪು ಶಾಯಿಯಲ್ಲಿ ದೊಡ್ಡದಾಗಿ ಬರೆದುಕೊಂಡರು. ಅಷ್ಟು ಹೊತ್ತಿಗೆ ಅಮ್ಮನ ಮುಖ ಸ್ವಲ್ಪ ತಿಳಿಯಾಗಿತ್ತು. ಅವಳಿಗೆ ಏನೋ ಹೊಳೆದಿತ್ತು.

"ಮೇಡಂ, ನಮ್ಮ ಕೆಂಪು ಹಸೀಗೆ ಕೆಚ್ಚಲು ಬಾವು ಬಂದಿತ್ತು. ಹಸು ಚೆನ್ನಾಗೇ ಇತ್ತು, ಹಾಲೂ ಬೆಳ್ಳಗೇ ಇತ್ತು. ದನದ ಡಾಕ್ಟ್ರು ಬಂದು ನಾಕು ಗುಳಿ ಇರೋ ತಟ್ಟೇಲಿ ಹಾಲು ಕರ್ದು ಔಷ್ದಿ ಬಿಟ್ರು. ಒಂದು ಗುಳೀಲಿ ಗಂಜಿ ಗಂಜಿ ಆಗೋಯ್ತು. ಒಳಗೆ ಹುಳ ಅವೆ ಅಂದ್ರು. ಇದೂ ಅಂಗೇನಾ?"

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಅದೇ ಕುಲದ್ದೇ ಕಣಮ್ಮ. ಆದರೆ ನಿಮ್ಮ ಹಸುವಿನಿಂದ ಇವಳಿಗೆ ಬಂತು ಅಂತ ಪಾಪ ಅದನ್ನ ಬೈಬೇಡ."

"ಇಲ್ಲ ಇಲ್ಲ. ಆದ್ರೆ ಮೇಡಂ, ಸೂಜಿ ಆಕಿದ್ ಹಸೀನ ಹಾಲು ನಾವು ಡೇರಿಗೆ ಆಕಂಗಿಲ್ಲ. ಮೂರು ದಿನವೋ ನಾಕು ದಿನವೋ ಚೆಲ್ಬೇಕು. ಇವ್ಳಿಗೆ ಡ್ರಿಪ್ ಆಕಿದ್ ಮೇಲೆ ಮಗೀಗೆ ಎಷ್ಟು ದಿನ ಬಿಟ್ಟು ಹಾಲು ಕೊಡ್ಬೇಕು?"

ನನಗೆ ನೆಲ ಬಾಯಿ ಬಿಡಬಾರದೇ ಎನ್ನಿಸಿತು. ಡಾಕ್ಟರಮ್ಮ ನಕ್ಕರು, ಆದರೆ ಅಮ್ಮನನ್ನು ನೋಡಿ ನಗಲಿಲ್ಲ, ಪ್ರಶ್ನೆಯನ್ನು ಮೆಚ್ಚಿಕೊಂಡು ನಕ್ಕರು. "ಒಂದು ದಿನವೂ ಬಿಡಬೇಡ. ಹುಟ್ಟಿದ ತಕ್ಷಣ ಕುಡಿಸಿ. ಗಿಣ್ಣು ಹಾಲು ಕರುವಿಗೆ ಮೊದಲು ಬಿಡ್ತೀರೋ ಇಲ್ಲವೋ? ಹಾಗೇ." ಅಮ್ಮ ತಲೆಯಾಡಿಸಿದಳು. ಆದರೆ ಡೇರಿಯ ನಿಯಮ ಇಪ್ಪತ್ತು ವರ್ಷದ್ದು, ಡಾಕ್ಟರಮ್ಮನ ಮಾತು ಎರಡು ನಿಮಿಷದ್ದು. ಪೂರ್ತಿ ನಂಬಲಿಲ್ಲ ಎನ್ನುವುದು ನನಗೆ ಗೊತ್ತಾಯಿತು.

ಮನೆಗೆ ಬಂದು ಅಜ್ಜಿಗೆ ಹೇಳಿದೆವು. ಕೊರೋನಾ ಕಾಲದ ಆ ಪಾಸಿಟಿವ್ ಎಂಬ ಪದ ಕಿವಿಗೆ ಬಿದ್ದದ್ದೇ, "ಅಂಗಾದ್ರೆ ಅದಿನಾಲ್ಕು ದಿನ ಕೋಣೇಲಿ ಇರ್ಬೇಕಾ?" ಎಂದು ನನ್ನ ತಟ್ಟೆ ಲೋಟ ಬೇರೆ ಇಡಲು ಎದ್ದಳು. ಕೂರಿಸಿ ಮೊದಲಿನಿಂದ ಹೇಳಬೇಕಾಯಿತು. ಅಮ್ಮ ಕೆಂಪು ಹಸುವಿನ ಉದಾಹರಣೆ ಕೊಟ್ಟ ಮೇಲೆ ಅಜ್ಜಿಗೆ ಎಲ್ಲವೂ ಥಟ್ಟನೆ ಅರ್ಥವಾಯಿತು. ಎರಡು ದಿನ ಆ ಹಸುವಿಗೂ ನನಗೂ ಒಂದೇ ಥರದ ಉಪಚಾರ ನಡೆಯಿತು ಎಂದರೆ ಸುಳ್ಳಲ್ಲ.

ಆಸ್ಪತ್ರೆ ಹತ್ತಿರವಿರಲಿ, ಊರಿಗಾಂಗೇ ವಾಪಸ್ ಹೋಗಿಬಿಡಲೇ ಎಂದು ಕೇಳಿದೆ. ಅಜ್ಜಿ ಒಪ್ಪಲಿಲ್ಲ. "ಮೊದಲನೇ ಬಾಣಂತನ. ಈ ಮನೆಯಿಂದ್ಲೇ ಓಗ್ಬೇಕು, ಈ ಮನೇಗೇ ಬರ್ಬೇಕು. ಆಟೋ ಐತಲ್ಲ, ಮುಕ್ಕಾಲು ಗಂಟೆ ದಾರಿ." ಪಕ್ಕದ ಬೀದಿಯ ಆಟೋದವನಿಗೆ ಯಾವ ಹೊತ್ತಿಗೆ ಕರೆದರೂ ಬರಬೇಕೆಂದು ಹೇಳಿಟ್ಟಳು. ಯಾಕೆ ಎಂದು ಮಾತ್ರ ಹೇಳಲಿಲ್ಲ. ಒಂಬತ್ತು ತಿಂಗಳ ಬಸುರಿ ಇರುವ ಮನೆಯಿಂದ ಆಟೋ ಯಾಕೆ ಬೇಕೆಂದು ಆ ಮನುಷ್ಯನಿಗೆ ತಿಳಿಯದೇ ಏನು! ಆದರೂ ಅಜ್ಜಿ, "ರವಿಕೆ ಒಲಿಯಾಕೆ ಕೊಡ್ಬೇಕು, ರಾಬರ್ಟ್‌ಸನ್‌ಪೇಟೇಲಿ" ಎಂದಳು. ನನ್ನ ಬಟ್ಟೆಯ ಬ್ಯಾಗು, ಕೆಂಪು ಶಾಯಿಯ ಫೈಲು ಎರಡನ್ನೂ ಬೂಸಾ ಚೀಲದ ಹಿಂದೆ ಬಚ್ಚಿಟ್ಟಳು. ಬಂದವರ ಕಣ್ಣಿಗೆ ಬಿದ್ದರೆ ದಿನ ಹತ್ತಿರ ಬಂತು ಅಂದುಕೊಳ್ಳುತ್ತಾರಂತೆ.

ಹೀಗೆ ಡಾಕ್ಟರಮ್ಮನ ಮಾತನ್ನೂ ಅಜ್ಜಿಯ ಮಾತನ್ನೂ ಸೊಂಟದ ಎರಡು ಕಡೆ ಎರಡು ಬಿಂದಿಗೆಯಂತೆ ಹೊತ್ತುಕೊಂಡು ಓಡಾಡುತ್ತಿದ್ದೆ. ಒಂದು ಜಾರಿದ್ದು ಅವರೆಕಾಯಿ ಕಾಲದ ಒಂದು ಚಳಿ ಬೆಳಿಗ್ಗೆ.

ಐದೂವರೆಗೆ ಎಚ್ಚರವಾಯಿತು. ಕೊಟ್ಟಿಗೆಯಲ್ಲಿ ಅಜ್ಜಿ ಹಾಲು ಕರೆಯುವ ಸದ್ದು, ಹೊರಗೆ ಅಮ್ಮ ಅಂಗಳಕ್ಕೆ ನೀರು ಹಾಕುವ ಸದ್ದು. ಸೊಂಟದ ಹಿಂದೆ ಯಾರೋ ಬಟ್ಟೆ ಹಿಂಡಿದ ಹಾಗೆ ಆಗಿ ಬಿಟ್ಟಿತು. ಹಿಂದಿನ ದಿನದ ಹಿತಕಿದ ಅವರೆ ಸಾರಿನ ಪ್ರತಾಪ ಇರಬೇಕು ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಮತ್ತೆ ಬಂತು. ಮೂರನೇ ಸಲ ಬಂದಾಗ ಇದು ಅವರೆಕಾಳಲ್ಲ ಎಂದು ಚೆನ್ನಾಗಿಯೇ ಗೊತ್ತಾಯಿತು.

ಆಗ ಕೂಗಿದ್ದರೆ ಆಗುತ್ತಿತ್ತು. ಕೂಗಲಿಲ್ಲ. ಎದುರು ಮನೆಯವರು ಹೊಸಿಲು ಸಾರಿಸುತ್ತಿದ್ದರು, ಹಾಲಿನ ಕ್ಯಾನು ಹಿಡಿದವರು ಬೀದಿಯಲ್ಲಿ ಓಡಾಡುತ್ತಿದ್ದರು. ನಾನು ಕೂಗಿದರೆ ಹತ್ತು ಕಿವಿಗೆ ಬೀಳುತ್ತಿತ್ತು. ಹುಟ್ಟಿದಾಗಿನಿಂದ ಕೇಳಿಸಿಕೊಂಡು ಬಂದ ಮಾತು ಬಾಯಿ ಕಟ್ಟಿತ್ತು. ಅಷ್ಟೇ ಅಲ್ಲ, ನಿಜ ಹೇಳಬೇಕೆಂದರೆ, ಅಜ್ಜಿಯ ಹಾಗೆ, ಅಮ್ಮನ ಹಾಗೆ ಬಾಯಿ ಬಿಡದೆ ತಡೆದುಕೊಂಡೆ ಎನ್ನಿಸಿಕೊಳ್ಳುವ ಆಸೆಯೂ ಇತ್ತು. ಅಜ್ಜಿ ಹಾಲು ಕರೆದು ಮುಗಿಸಲಿ, ಆಮೇಲೆ ಕಿವಿಯಲ್ಲಿ ಹೇಳೋಣ ಎಂದು ಕೊಟ್ಟಿಗೆಯ ಕಂಬ ಹಿಡಿದು ನಿಂತೆ.

ಮೂರನೇ ಹಸು ಮುಗಿಸಿ ತಲೆಯೆತ್ತಿದ ಅಜ್ಜಿ ಕಂಬಕ್ಕೆ ಒತ್ತಿಕೊಂಡಿದ್ದ ನನ್ನ ಹಣೆ ನೋಡಿದಳು.

"ಎಷ್ಟೊತ್ತಾಯ್ತು ತಾಯಿ?"

"ಐದೂವರೆಯಿಂದ."

ಆಗ ಆರೂವರೆ. ಅಜ್ಜಿ ಕೈಯಲ್ಲಿದ್ದ ಹಾಲಿನ ಪಾತ್ರೆ ಕೆಳಗಿಟ್ಟಳು. "ಯಾಕ್ ಯೋಳ್ಲಿಲ್ಲ?"

"ನೀನೇ ಅಲ್ವಾ ಯೋಳ್ಬಾರ್ದು ಅಂದಿದ್ದು?"

ಅಜ್ಜಿಯ ಮುಖವನ್ನು ಹಾಗೆ ನಾನು ಹಿಂದೆಂದೂ ನೋಡಿರಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ನನ್ನ ರಟ್ಟೆ ಹಿಡಿದುಕೊಂಡಳು. ಅಷ್ಟರಲ್ಲಿ ನನ್ನ ಕಾಲ ಬಳಿ ಬೆಚ್ಚಗೆ ನೀರು ಹರಿಯಿತು.

ಆಟೋ ಬಂತು. ಹಸುಗಳನ್ನು ನೋಡಿಕೊಳ್ಳಲು ಒಬ್ಬರು ಬೇಕಲ್ಲ, ಅಜ್ಜಿ ಉಳಿದಳು. ಅಮ್ಮ ನನ್ನನ್ನು ಹತ್ತಿಸಿಕೊಂಡು ಪಕ್ಕದಲ್ಲಿ ಕೂತಳು. ಆಟೋದವನು ತಿರುಗಿ, "ಎಲ್ಲಿಗಕ್ಕಾ?" ಎಂದ. ನಾನು ಸೀಟಿನ ಕಂಬಿ ಹಿಡಿದು ಹಲ್ಲು ಕಚ್ಚುತ್ತಿದ್ದೇನೆ, ಅಮ್ಮ ಕಲಿತ ಪಾಠ ಬಿಡದೆ, "ರವಿಕೆ ಒಲಿಯಾಕೆ ಕೊಡ್ಬೇಕು" ಎಂದಳು.

"ಈ ಒತ್ತಿಗೆ ಯಾವ ಟೈಲರ್ ಅಕ್ಕಾ ಅಂಗಡಿ ತೆಗ್ದಿರ್ತಾನೆ?" ಎಂದವನು ಉತ್ತರಕ್ಕೆ ಕಾಯದೆ ಗಾಡಿ ಎಬ್ಬಿಸಿದ. ಬಂಗಾರಪೇಟೆ ದಾಟುವವರೆಗೂ ಒಂದೊಂದು ಹಂಪ್ ಬಂದಾಗಲೂ ಗಾಡಿ ನಿಧಾನ ಮಾಡಿ, "ರವಿಕೆ ಜೋಪಾನ ಅಕ್ಕಾ" ಎನ್ನುತ್ತಿದ್ದ. ಆ ನೋವಿನಲ್ಲೂ ನನಗೆ ನಗು ಬಂದದ್ದು ಅವನಿಂದ.

ಏಳು ನಲವತ್ತೈದಕ್ಕೆ ಡ್ರಿಪ್ ಶುರುವಾಯಿತು. ಗಡಿಯಾರ ಎದುರಿಗೇ ಇತ್ತು. ಸೂಜಿ ಚುಚ್ಚಿದ ಸಿಸ್ಟರಮ್ಮ ರಾಬರ್ಟ್‌ಸನ್‌ಪೇಟೆಯಲ್ಲೇ ಹುಟ್ಟಿ ಬೆಳೆದವರು, ತಮಿಳಿನ ಧಾಟಿಯ ಕನ್ನಡದಲ್ಲಿ, "ಕೈ ಆಡಿಸ್ಬೇಡ ಮಾ, ಒಳ್ಳೇ ನರ ಸಿಕ್ಕಿದೆ" ಎಂದರು. ಡಾಕ್ಟರಮ್ಮ ಬಂದು ನೋಡಿ ಹುಬ್ಬು ಗಂಟಿಕ್ಕಿದರು.

"ಅರ್ಧ ದಾರಿ ಆಗಿಹೋಗಿದೆಯಲ್ಲ! ಯಾವಾಗ ಶುರುವಾಯ್ತು?"

ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ ಇತ್ತು. "ಹನ್ನೊಂದು ಮುಕ್ಕಾಲಿನವರೆಗೆ ಇದ್ದರೆ ನಾಲ್ಕು ಗಂಟೆ ತುಂಬುತ್ತೆ. ಈ ವೇಗದಲ್ಲಿ ಹೋದರೆ ಹತ್ತು ಗಂಟೆಗೇ ಬಂದುಬಿಡಬಹುದು."

"ಮುಂಚೆ ಬಂದ್ರೆ?" ಎಂದಳು ಅಮ್ಮ.

"ಸ್ವಲ್ಪ ಔಷಧಿಯಾದರೂ ಹೋಗಿರುತ್ತೆ, ಅದೂ ಒಳ್ಳೇದೇ. ಆದರೆ ಮಗೂನ ಇನ್ನೂ ಹುಷಾರಾಗಿ ನೋಡ್ಕೋಬೇಕು. ರಕ್ತ ಪರೀಕ್ಷೆ ಮಾಡಬೇಕಾಗಬಹುದು, ಬೇಕಾದರೆ ಕೋಲಾರಕ್ಕೆ ಕಳಿಸಬೇಕಾಗುತ್ತೆ."

ಮಗು ಒಂದು ಕಡೆ, ತಾಯಿ ಒಂದು ಕಡೆ. ನಾನು ಕಂಬ ಹಿಡಿದು ನಿಂತಿದ್ದ ಆ ಒಂದು ಗಂಟೆ ಡ್ರಿಪ್ಪಿನ ಬಾಟಲಿಗಿಂತ ದೊಡ್ಡದಾಗಿ ಕಣ್ಣ ಮುಂದೆ ತೂಗತೊಡಗಿತು. ಗೋಡೆ ಕಡೆ ತಿರುಗಿ ಅತ್ತೆ. ಅಮ್ಮ ತಲೆ ಸವರುತ್ತಾ ಅಜ್ಜಿಗೆ ಫೋನ್ ಹಚ್ಚಿದಳು. ಅಜ್ಜಿಯ ಕಿವಿ ಸ್ವಲ್ಪ ಮಂದ, ಹಾಗಾಗಿ ಫೋನಿನಲ್ಲಿ ಅವಳು ಹೇಳುವುದೂ ನಾವು ಹೇಳುವುದೂ ಎಲ್ಲರಿಗೂ ಕೇಳುತ್ತದೆ.

"ಅತ್ತೆ, ಔಷ್ದಿ ಆಕವ್ರೆ. ಅನ್ನೊಂದು ಮುಕ್ಕಾಲು ಗಂಟ ತಡೀಬೇಕಂತೆ. ತಡಿಯಂಗಿಲ್ಲ, ಬೇಗ್ನೆ ಬತ್ತದೆ ಅಂತಾರೆ."

ಅಲ್ಲಿಂದ ಹಸುವೊಂದು ಕೂಗಿದ್ದು ಕೇಳಿಸಿತು.

"ಆ ಮಗು ನನ್ ಮಾತ್ ಕೇಳ್ಕೊಂಡು ಒಂದ್ ಗಂಟೆ ಕಳ್ದ್ಬುಡ್ತಲ್ಲಾ" ಎಂದಳು ಅಜ್ಜಿ. ಆಮೇಲೆ, "ಡೇರೀಲಿ ಹಾಲು ತಕಳೋದು ಎಂಟೂವರೆ ಗಂಟ ಇರ್ತದಲ್ವಾ?" ಎಂದು ಕೇಳಿ ಫೋನು ಇಟ್ಟುಬಿಟ್ಟಳು. ಇಂಥ ಹೊತ್ತಿನಲ್ಲಿ ಹಾಲಿನ ಚಿಂತೆಯೇ ಎಂದು ಅಮ್ಮನಿಗೆ ಸಿಟ್ಟು ಬಂತು.

ಎಂಟು ಇಪ್ಪತ್ತಕ್ಕೆ ಅಮ್ಮನ ಫೋನು ಬಡಿದುಕೊಳ್ಳಲು ಶುರುವಾಯಿತು. ಮೊದಲು ಎದುರು ಮನೆಯಾಕೆ. "ಏನಕ್ಕಾ, ನಿಮ್ ಮಗ್ಳಿಗೆ ನೋವು ಬಂದದಂತೆ?" ಅಮ್ಮ, "ಯಾರಂದ್ರು ನಿಂಗೆ?" ಎನ್ನುವಷ್ಟರಲ್ಲಿ ಇನ್ನೊಂದು ಕರೆ. ಹಾಲಿನ ಡೇರಿಯ ಸೆಕ್ರೆಟರಿ. ಆಮೇಲೆ ಬೂದಿಕೋಟೆಯಲ್ಲಿರುವ ಅಮ್ಮನ ತಂಗಿ, "ಅಕ್ಕಾ, ನಂಗ್ಯಾಕೆ ಯೋಳ್ಲಿಲ್ಲ, ನಾನೇನು ಪರದೇಶಿನಾ?" ಎಂದು ಅಳುತ್ತಲೇ ಬೈದಳು. ಆಮೇಲೆ ನಮ್ಮವರು, ಮಾಲೂರು ಸ್ಟೇಷನ್ನಿನಿಂದ. ಗುಟ್ಟಿನ ಭಯಕ್ಕೆ ಅಮ್ಮ ಅವರಿಗೂ ಹೇಳಿರಲಿಲ್ಲ.

"ಅತ್ತೆ, ನನ್ನ ಹೆಂಡ್ತಿಗೆ ನೋವು ಬಂದಿರೋದು ನನಗಿಂತ ಮುಂಚೆ ಡೇರಿ ಸೆಕ್ರೆಟರಿಗೆ ಗೊತ್ತಾ? ಅವರು ಫೋನ್ ಮಾಡಿ ಹೇಳ್ತಾರೆ ನನಗೆ!"

"ಅದು ಅಂಗಲ್ಲಪ್ಪ, ಅದು..." ಅಮ್ಮ ತಡವರಿಸಿದಳು. ಅವರು ಮುಂದಿನ ರೈಲಿಗೇ ವಾಪಸ್ ಹೊರಟರು. ಅಮ್ಮ ಫೋನು ಇಟ್ಟವಳೇ ಕೆಂಪಗಾಗಿ ಅಜ್ಜಿಗೆ ಹಚ್ಚಿದಳು.

"ಅತ್ತೆ! ಊರ್ಗೆಲ್ಲಾ ಗೊತ್ತಾಗೋಗದೆ. ಯಾರು ಯೋಳಿದ್ದು?"

"ನಾನೇ."

"ನೀವಾ?"

"ಊಂ, ನಾನೇ. ಡೇರಿ ಸಾಲ್ನಲ್ಲಿ ನಿಂತ್ಕೊಂಡು ಕೂಗಿ ಯೋಳ್ದೆ. ಮೂವತ್ತು ಜನ ಇದ್ರು. ಯೋಳಿದ್ರೆ ಎಳೀತದೆ ತಾನೆ? ನಮ್ಗೀಗ ಎಳೀಬೇಕು ತಾನೆ? ನಾಕು ಗಂಟೆ ಬೇಕು ಅಂದವ್ರೆ ಡಾಕ್ಟ್ರು. ನಾನು ಬಾಯ್ ಕಟ್ಟಿ ಒಂದು ಗಂಟೆ ಕಳ್ದೆ, ಬಾಯ್ ಬಿಟ್ಟು ವಾಪಸ್ ತತ್ತೀನಿ. ಫೋನ್ ಇಡಮ್ಮಿ, ಇನ್ನೂ ಅಂಗ್ಡಿ ತಾವ ಯೋಳಿಲ್ಲ."

ವಾರ್ಡಿನಲ್ಲಿ ಇದ್ದವರಿಗೆಲ್ಲ ಕೇಳಿಸಿತು. ಸಿಸ್ಟರಮ್ಮ ಬಾಟಲಿ ನೋಡುತ್ತಿದ್ದವರು ಹಾಗೇ ನಿಂತು, "ಏನ್ ಮಾ ಇದು, ಪಾಟಿ ಏನ್ ಹೇಳ್ತಾರೆ?" ಎಂದು ಕೇಳಿದರು. ಪಾಟಿ ಎಂದರೆ ಅವರ ಭಾಷೆಯಲ್ಲಿ ಅಜ್ಜಿ. ಅಮ್ಮ ನಾಚಿಕೊಂಡು ಕಟ್ಟಳೆಯನ್ನೂ ಅದನ್ನು ಅಜ್ಜಿ ತಿರುಗುಮುರುಗು ಮಾಡಿದ್ದನ್ನೂ ವಿವರಿಸಿದಳು. ಸಿಸ್ಟರಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಣ್ಣೊರೆಸಿಕೊಂಡು, "ಅಯ್ಯೋ, ನಮ್ಮ ಪಾಟಿಯೂ ಇದೇ ಹೇಳೋರು. ಇರು ಮಾ, ನಮ್ಮ ಕಡೆಯಿಂದಲೂ ನಾಲ್ಕು ಬಾಯಿ ಸೇರಿಸ್ತೀನಿ" ಎಂದು ಹೊರಟೇಬಿಟ್ಟರು. ಕಸ ಗುಡಿಸುವಾಕೆ ಬಾಗಿಲಲ್ಲಿ ಇಣುಕಿ, "ನಿಂಗಾ ಮಾ ನೋವು? ನನಗೂ ಹೇಳಿದ್ರು" ಎಂದು ವರದಿ ಒಪ್ಪಿಸಿ ಹೋದಳು. ಮೆಡಿಕಲ್ ಸ್ಟೋರಿನವನಿಗೂ ಗೊತ್ತಾಯಿತು. ಎದುರಿನ ಟೀ ಅಂಗಡಿಯಲ್ಲಿ ಕಾಯುತ್ತಿದ್ದ ನಮ್ಮ ಆಟೋದವನು ಬೆಳಿಗ್ಗೆಯಿಂದ ಅದುಮಿಟ್ಟುಕೊಂಡಿದ್ದ ರವಿಕೆಯ ಕಥೆಯನ್ನು ಅಲ್ಲಿದ್ದವರಿಗೆಲ್ಲ ಬಿಚ್ಚಿದನಂತೆ.

ನಕ್ಕದ್ದರಿಂದಲೋ, ಎಡ ಮಗ್ಗುಲಿಗೆ ಮಲಗಿಸಿದ್ದರಿಂದಲೋ, ಅಳು ನಿಂತದ್ದರಿಂದಲೋ ಗೊತ್ತಿಲ್ಲ. ಒಂಬತ್ತು ಗಂಟೆಯ ಹೊತ್ತಿಗೆ ನೋವುಗಳ ನಡುವೆ ಸ್ವಲ್ಪ ಬಿಡುವು ಸಿಗತೊಡಗಿತು. ಡಾಕ್ಟರಮ್ಮ ಬಂದು ನೋಡಿ, "ಮೊದಲನೇ ಹೆರಿಗೆಯಲ್ಲಿ ಹೀಗಾಗುತ್ತೆ, ಓಡಿ ಬಂದು ನಡುವೆ ನಿಂತು ಸುಧಾರಿಸಿಕೊಳ್ಳುತ್ತೆ" ಎಂದರು. ಅಮ್ಮ ಕೈ ಮುಗಿದಳು, ಡಾಕ್ಟರಮ್ಮನಿಗೋ ಬೂದಿಕೋಟೆ ದಿಕ್ಕಿಗೋ ತಿಳಿಯಲಿಲ್ಲ.

ಹತ್ತಾಯಿತು. ಹತ್ತೂವರೆ. ನಮ್ಮವರು ಬಂದು ಕಾಲ ಬಳಿ ನಿಂತರು. ನನಗೆ ಗಡಿಯಾರ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಪ್ರತಿ ನೋವಿಗೂ ಹೊಟ್ಟೆಯೊಳಗಿದ್ದುದಕ್ಕೆ, ಇನ್ನೊಂದು ಸ್ವಲ್ಪ ಹೊತ್ತು ಕಣಪ್ಪಾ, ಊರೆಲ್ಲ ನಿನ್ನ ಹಿಂದಿನಿಂದ ಅಂಗಿ ಹಿಡಿದು ಎಳೀತಿದೆ, ಎಲ್ಲಿಗೆ ಓಡ್ತೀಯಾ ಎಂದುಕೊಳ್ಳುತ್ತಿದ್ದೆ. ಹನ್ನೊಂದಕ್ಕೆ ನೋವು ಮತ್ತೆ ಜೋರಾಗಿ ತಿರುಗಿತು. ಕೆಳಗೆ ತಳ್ಳಿ ಮುಕ್ಕುವ ಹಾಗೆ ಆಗುತ್ತಿತ್ತು. ಸಿಸ್ಟರಮ್ಮ, "ಊದು ಮಾ, ಬಾಯಲ್ಲಿ ಊದು, ಈಗಲೇ ಮುಕ್ಕಬೇಡ" ಎಂದು ತಾವೂ ನನ್ನ ಜೊತೆ ಒಲೆ ಊದುವ ಹಾಗೆ ಊದಿದರು. ಹನ್ನೊಂದು ಮುಕ್ಕಾಲಿಗೆ ಎರಡನೇ ಡೋಸು ಹಾಕಿದರು. "ಆಯ್ತು ಮಾ. ನಾಲ್ಕು ಗಂಟೆ ತುಂಬಿತು. ಇನ್ನು ನಿನ್ನ ಇಷ್ಟ."

ಹನ್ನೆರಡು ಹತ್ತಕ್ಕೆ ಮಗಳು ಹುಟ್ಟಿದಳು. ಅತ್ತಳು. ಕೆಂಪಗೆ, ಕೋಪದಿಂದ, ಯಾರ ಬಾಯಿಗೂ ಸೋಲದಂಥ ಗಂಟಲಿನಲ್ಲಿ ಅತ್ತಳು.

ಒರೆಸಿ ನನ್ನ ಎದೆಯ ಮೇಲೆ ಇಟ್ಟರು. ಅದು ಬಾಯಿ ಹುಡುಕುತ್ತಿತ್ತು. ಅಷ್ಟು ಹೊತ್ತು ಧೈರ್ಯವಾಗಿದ್ದ ಅಮ್ಮನ ಕೈ ಅರ್ಧ ಮುಂದೆ ಬಂತು. "ಸಿಸ್ಟರಮ್ಮಾ, ಎರಡು ಬಾಟ್ಲಿ ಔಷ್ದಿ ಓಗದೆ. ಈವಾಗ್ಲೇ ಕುಡಿಸ್ಬೋದಾ? ನಿಜ್ವಾಗ್ಲೂ?"

"ಕುಡಿಸು ಮಾ, ಡೇರಿಗಲ್ಲ, ನಿನ್ ಮೊಮ್ಮಗಳಿಗೆ" ಎಂದರು ಸಿಸ್ಟರಮ್ಮ. ಹಾಲಿನ ನಿಯಮದ ಸುದ್ದಿ ಡಾಕ್ಟರಮ್ಮನಿಂದ ಅವರಿಗೂ ತಲುಪಿತ್ತೆಂದು ಆಗ ತಿಳಿಯಿತು. ಅಮ್ಮ ಕೈ ಹಿಂದೆ ತೆಗೆದುಕೊಂಡಳು, ಆದರೆ ಮಗು ನುಂಗುವ ಒಂದೊಂದು ಗುಟುಕನ್ನೂ ಬಗ್ಗಿ ನೋಡಿದಳು.

ಮಧ್ಯಾಹ್ನ ಮೂರರ ಬಸ್ಸಿಗೆ ಅಜ್ಜಿ ಬಂದಳು. ಹಸುಗಳನ್ನು ಎದುರು ಮನೆಯವರಿಗೆ ಒಪ್ಪಿಸಿ, ತಲೆ ತುಂಬ ಸೆರಗು ಹೊದ್ದು, ಓಡೋಡಿ ಬಂದು ಬಾಗಿಲಲ್ಲಿ ನಿಂತಳು. ಬಸ್ಸಿನಲ್ಲಿ ಕಂಡಕ್ಟರನಿಗೂ ಪಕ್ಕದ ಸೀಟಿನ ಸೊಪ್ಪಿನವಳಿಗೂ ಹೇಳಿದ್ದಳಂತೆ. ಮಗು ಅಷ್ಟರಲ್ಲಿ ಹುಟ್ಟಿಯಾಗಿತ್ತು ಎಂದು ಗೊತ್ತಾಗಿ, "ಅವರಿಬ್ರಿಗೂ ಯೋಳಿದ್ದು ದಂಡ" ಎಂದು ಬೇಜಾರು ಮಾಡಿಕೊಂಡಳು. ಮಗುವನ್ನು ನೋಡಿದಳು, ಮುಟ್ಟಲಿಲ್ಲ. ನನ್ನ ಮಂಚದ ಅಂಚಿಗೆ ಕೂತು, ದನಿ ತಗ್ಗಿಸಿ ಕೇಳಿದಳು:

"ಆ ಒಂದ್ ಗಂಟೆ ಬಂತಾ ತಾಯಿ?"

"ಬಂತಜ್ಜಿ. ಮೇಲೆ ಇಪ್ಪತ್ತೈದು ನಿಮಿಷಾನೂ ಬಂತು."

ಅಜ್ಜಿ ಆಗ ಮಗುವನ್ನು ಎತ್ತಿಕೊಂಡಳು.

ಎರಡು ದಿನ ಅಲ್ಲೇ ಇರಿಸಿಕೊಂಡರು. ಗಂಟೆಗಂಟೆಗೂ ಬಂದು ಮಗುವಿನ ಮೈ ಬಿಸಿ ನೋಡುವುದು, ಎದೆಯ ಏರಿಳಿತ ಎಣಿಸುವುದು, ಹಾಲು ಕುಡಿಯಿತೇ ಎಂದು ಕೇಳುವುದು. ಸಿಸ್ಟರಮ್ಮ ಎಣಿಸುವಾಗ ಅಮ್ಮನೂ ಜೊತೆಗೆ ತುಟಿಯಲ್ಲಿ ಎಣಿಸುತ್ತಿದ್ದಳು. ಮೂರನೇ ದಿನ ಡಾಕ್ಟರಮ್ಮ ಫೈಲಿನ ಕೆಂಪು ಶಾಯಿಯ ಕೆಳಗೆ ನೀಲಿ ಶಾಯಿಯಲ್ಲಿ ಏನೋ ಬರೆದು, "ಹೊರಡಿ, ಚೆನ್ನಾಗಿದೆ" ಎಂದರು. ಅದೇ ಆಟೋ ಬಂತು. "ರವಿಕೆ ಚೆನ್ನಾಗ್ ಒಲ್ದವ್ರೆ ಅಕ್ಕಾ" ಎಂದು ಮಗುವನ್ನು ನೋಡಿ ಅವನು ಹೇಳಿದ್ದಕ್ಕೆ ಅಜ್ಜಿಯೇ ಮೊದಲು ನಕ್ಕಳು.

ಮೂರು ತಿಂಗಳು ತುಂಬಿದ ಮೇಲೆ ಒಂದು ಬೆಳಿಗ್ಗೆ ಮಗಳನ್ನು ಎತ್ತಿಕೊಂಡು ಅಜ್ಜಿಯ ಜೊತೆ ಡೇರಿಗೆ ಹೋದೆ. ಕ್ಯಾನುಗಳ ಸಾಲು ಹಾಗೇ ಇತ್ತು. ಒಬ್ಬೊಬ್ಬರೇ ಬಂದು ಕೆನ್ನೆ ಮುಟ್ಟಿದರು. "ಇವ್ಳನ್ನ ಅತ್ತು ನಿಮಿಷ ನಾನು ತಡ್ದಿದ್ದೆ" ಎಂದಳು ಒಬ್ಬಳು. "ಓಗೇ, ನೀನು ಯಾರ್ಗೂ ಯೋಳ್ಲೇ ಇಲ್ಲ. ನಾನು ನಮ್ ತವರೂರ್ಗೆ ಫೋನ್ ಮಾಡಿ ಯೋಳ್ದೆ, ಅರ್ಧ ಗಂಟೆ ನಂದು" ಎಂದಳು ಇ‌ನ್ನೊಬ್ಬಳು. ಸೆಕ್ರೆಟರಿ ಹಾಲು ಅಳೆಯುವುದು ಬಿಟ್ಟು, ಅಳಿಯಂದಿರಿಗೆ ತಿಳಿಸಿದ್ದು ತಾನು, ಅದಕ್ಕೆ ಏನೂ ಇಲ್ಲವೇ ಎಂದು ಕೇಳಿದರು. ಎಲ್ಲರ ಪಾಲೂ ಕೂಡಿಸಿದ್ದರೆ ನನ್ನ ಮಗಳು ಇನ್ನೂ ಒಂದು ವಾರ ಹೊಟ್ಟೆಯಲ್ಲೇ ಇರಬೇಕಾಗಿತ್ತು.

ಸಾಲಿನ ಕೊನೆಯಲ್ಲಿ ಅಜ್ಜಿಯ ಓರಗೆಯ ಗೆಳತಿ ಮುಖ ತಿರುಗಿಸಿಕೊಂಡು ನಿಂತಿದ್ದಳು. ಊರಲ್ಲಿ ಯಾರ ಮನೆಯಲ್ಲಿ ಒಗ್ಗರಣೆ ಸಿಡಿದರೂ ಮೂರು ಹಳ್ಳಿಗೆ ಮುಟ್ಟಿಸುವ ಮುದುಕಿ. ನನಗೆ ನೋವು ಬಂದ ಬೆಳಿಗ್ಗೆ ಅವಳು ಮಗಳ ಮನೆಗೆಂದು ಬಂಗಾರಪೇಟೆಗೆ ಹೋಗಿದ್ದಳು.

"ಕಂಡಕ್ಟರ್‌ಗೆ ಯೋಳ್ತಾಳಂತೆ, ಸೊಪ್ನೋಳಿಗೆ ಯೋಳ್ತಾಳಂತೆ. ಅರವತ್ತು ವರ್ಷದ ಗೆಣೆಕಾತಿ, ನಂಗ್ ಯೋಳ್ಲಿಲ್ಲ" ಎಂದು ಕ್ಯಾನಿಗೆ ಹೇಳಿಕೊಳ್ಳುವ ಹಾಗೆ ಹೇಳಿದಳು.

ಅಜ್ಜಿ ಮಗುವನ್ನು ನನ್ನ ಕೈಯಿಂದ ತೆಗೆದು ಅವಳ ಕೈಗೆ ಹಾಕಿದಳು.

"ಡಾಕ್ಟ್ರು ಕೇಳಿದ್ದು ಬರೀ ನಾಕು ಗಂಟೆ ಕಣೇ. ನಿನ್ ಬಾಯಿಗೆ ಬಿದ್ದಿದ್ರೆ ಈ ಮಗು ಇನ್ನೂ ಉಟ್ತಿರ್ಲಿಲ್ಲ."